ಸೇವೆ ಮಾಡೋರೂ ಬಾಡಿಗೆ ಕಟ್ಟಬೇಕು

ಲೇಆಫ್ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ನಾವು ಮಾತಾಡೋದು ಐಟಿ ಕಂಪನಿಗಳ ಬಗ್ಗೆ ಮಾತ್ರ. ಎನ್‌ಜಿಒಗಳಲ್ಲೂ ಕೆಲಸ ಹೋಗುತ್ತೆ ಅನ್ನೋದು ನಮ್ಮ ಲೆಕ್ಕಕ್ಕೇ ಬರಲ್ಲ.

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶದ ಢಾಕಾದಲ್ಲಿ ಐಸಿಡಿಡಿಆರ್‌ಬಿ ಅಂತ ಒಂದು ಸಂಶೋಧನಾ ಸಂಸ್ಥೆ ಇದೆ. ಭೇದಿಯಾದಾಗ ನಾವು ಕುಡಿಯೋ ಓಆರ್‌ಎಸ್ ಬಳಕೆಗೆ ಬಂದಿದ್ದರಲ್ಲಿ ಅದರ ಪಾಲು ದೊಡ್ಡದು. ಆದೇಶದ ಬೆನ್ನಲ್ಲೇ ಅಲ್ಲಿ ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ, ದುಡ್ಡು ಬರೋದು ನಿಂತುಹೋಗಿತ್ತು.

ಸಾಮಾನ್ಯವಾಗಿ ಗ್ರಾಂಟ್ ಹಣ ಯಾವ ಯೋಜನೆಗೆ ಬಂದಿದೆಯೋ ಅದಕ್ಕೇ ಖರ್ಚಾಗಬೇಕು. ಕಷ್ಟಕಾಲಕ್ಕೆ ಅಂತ ಎತ್ತಿಡೋದು ಸುಲಭವಲ್ಲ. ಹಾಗಾಗಿ ಜನರನ್ನು ತೆಗೆದದ್ದೇ ತಪ್ಪು ಅಂತ ನಾನು ಹೇಳಲ್ಲ. ಹೇಗೆ ತೆಗೀತಾರೆ ಅನ್ನೋದೇ ನನ್ನ ಪ್ರಶ್ನೆ.

ಈ ಪ್ರಶ್ನೆ ನಮ್ಮ ದೇಶದಲ್ಲಿ ಈಗ ಇನ್ನೂ ಮುಖ್ಯ. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಉದ್ಯಮ’ ಅನ್ನೋ ಪದಕ್ಕೆ ತುಂಬಾ ವಿಶಾಲವಾದ ಅರ್ಥ ಕೊಟ್ಟಿತು. ಅನೇಕ ಸೇವಾಸಂಸ್ಥೆಗಳೂ ಅದರೊಳಗೆ ಬಂದವು. ಕಾನೂನಿನ ಪ್ರಕಾರ ‘ಕಾರ್ಮಿಕ’ ಅನ್ನಿಸಿಕೊಳ್ಳೋರು ಒಂದು ವರ್ಷ ಸತತ ದುಡಿದಿದ್ದರೆ, ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಧರ್ಮಾರ್ಥ ಮತ್ತು ಸಮಾಜಸೇವೆಯ ಸಂಸ್ಥೆಗಳನ್ನು ‘ಉದ್ಯಮ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದ್ರೆ ಊರೂರು ಸುತ್ತೋ ಫೀಲ್ಡ್ ವರ್ಕರ್‌ಗೆ ಇದ್ದ ಆ ಆಸರೆಯೂ ಸಡಿಲವಾಯಿತು. ಇನ್ನು ಉಳಿದಿರೋದು ಹೆಚ್ಚಾಗಿ ನೇಮಕಾತಿ ಪತ್ರದಲ್ಲಿ ಬರೆದಿರೋ ಮಾತು, ಮತ್ತೆ ಸಂಸ್ಥೆಯ ಮನಸ್ಸಾಕ್ಷಿ.

ಮನಸ್ಸಾಕ್ಷಿ ಇರೋ ಸಂಸ್ಥೆ ಏನು ಮಾಡಬೇಕು? ಎಷ್ಟು ತಿಂಗಳಿಗಾಗುವಷ್ಟು ದುಡ್ಡಿದೆ ಅಂತ ಎಲ್ಲರಿಗೂ ಮೊದಲೇ ಹೇಳಬೇಕು. ಕಡಿತ ಮೇಲಿನವರ ಸಂಬಳದಿಂದ ಶುರುವಾಗಬೇಕು. ಸಂಬಳವಿಲ್ಲದ ರಜೆ ಕೊಟ್ಟರೆ ಅದು ಯಾವತ್ತು ಮುಗಿಯುತ್ತೆ ಅಂತ ಬರೆದುಕೊಡಬೇಕು. ತಾರೀಖಿಲ್ಲದ ರಜೆ ಅಂದ್ರೆ ಪತ್ರ ಕೊಡದೆ ಮನೆಗೆ ಕಳಿಸಿದ ಹಾಗೇ ಅಲ್ವಾ? ಎಲ್ಲಕ್ಕಿಂತ ಹೆಚ್ಚಾಗಿ, ಬಾಕಿ ಕೇಳಿದವರಿಗೆ “ಇದು ಸೇವೆ, ದುಡ್ಡಿನ ಮಾತು ಬೇಡ” ಅನ್ನಬಾರದು. ಬಡವರ ಹಕ್ಕಿಗಾಗಿ ದನಿ ಎತ್ತೋ ಸಂಸ್ಥೆ ತನ್ನ ನೌಕರರ ಹಕ್ಕಿನ ವಿಷಯ ಬಂದಾಗ ಬಾಯಿ ಮುಚ್ಚಿಸಿದರೆ ಹೇಗೆ?

ನಮ್ಮಲ್ಲೂ ಕೆಲವರು ಡಿಗ್ರಿ ಮುಗಿಸಿ ಫೆಲೋಶಿಪ್‌ಗೋ ಎನ್‌ಜಿಒಗೋ ಹೋಗ್ತಾರೆ. ಖಂಡಿತ ಹೋಗಿ. ಆದರೆ ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿ: ಈ ಹುದ್ದೆಗೆ ಹಣ ಎಲ್ಲಿಯವರೆಗೆ ಇದೆ? ಅದು ನಿಂತರೆ ನನಗೆ ಎಷ್ಟು ದಿನದ ನೋಟಿಸ್ ಸಿಗುತ್ತೆ? ಕೇಳೋಕೆ ಸಂಕೋಚ ಬೇಡ. ಒಳ್ಳೆ ಸಂಸ್ಥೆ ಉತ್ತರ ಕೊಡೋಕೆ ಸಂಕೋಚಪಡಲ್ಲ.