ಪರದೇಶದ ಉದ್ರಿಗೆ ಸರಕಾರದ ವಿಮೆ

ಉದ್ರಿ ಕೊಡದೆ ವ್ಯಾಪಾರ ಬೆಳೆಯದು. ಉದ್ರಿ ಮುಳುಗಿದರೆ ವ್ಯಾಪಾರವೇ ಉಳಿಯದು. ಹೋಟೆಲಿನ ಗಲ್ಲೆಯ ಮುಂದೆ ಕುಳಿತು ದಿನಗಳೆದವರಿಗೆಲ್ಲ ಈ ಮಾತು ಗೊತ್ತು. ಆದರೆ ನಮ್ಮ ಗಿರಾಕಿ ಪಕ್ಕದ ಪೇಟೆಯವನು. ಇಂದಲ್ಲ ನಾಳೆ ಎದುರಾಗುತ್ತಾನೆ. ಸಮುದ್ರದಾಚೆಯ ಗಿರಾಕಿ ದಿವಾಳಿ ಎದ್ದರೆ, ಭೋಸರಿಯ ಸಣ್ಣ ಕಾರಖಾನೆಯವರಾಗಲಿ ಸೊಲ್ಲಾಪುರದ ಟವೆಲ್ ತಯಾರಕರಾಗಲಿ ಯಾರ ಬಾಗಿಲನ್ನು ತಟ್ಟಬೇಕು?

ಈ ಕೊರತೆಯನ್ನು ನೀಗಲೆಂದೇ ಭಾರತ ಸರಕಾರವು 1957ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ರಫ್ತು ಅಪಾಯ ವಿಮಾ ನಿಗಮವನ್ನು ಸ್ಥಾಪಿಸಿತು. ಬ್ರಿಟನ್ 1919ರಲ್ಲಿಯೇ ಇಂತಹ ಏರ್ಪಾಡನ್ನು ಮಾಡಿತ್ತು. ನಮ್ಮ ನಿಗಮದ ಹೆಸರು ಹಲವು ಸಲ ಬದಲಾಗಿ, 2014ರಿಂದ ಇಸಿಜಿಸಿ ಲಿಮಿಟೆಡ್ ಎಂದಾಗಿದೆ. ಖರೀದಿದಾರನು ದಿವಾಳಿಯಾದರೆ, ವಾಯಿದೆ ಮೀರಿಯೂ ಹಣ ಕೊಡದಿದ್ದರೆ, ಅವನ ದೇಶದಲ್ಲಿ ಯುದ್ಧ ಅಥವಾ ಕ್ರಾಂತಿಯಾದರೆ, ಅಲ್ಲಿನ ಸರಕಾರವು ಹಣ ಹೊರಹೋಗದಂತೆ ತಡೆದರೆ, ನಿಗಮವು ನಷ್ಟದ ಬಹುಭಾಗವನ್ನು, ಸಾಧಾರಣವಾಗಿ ನೂರಕ್ಕೆ 80ರಿಂದ 90ರಷ್ಟನ್ನು, ತುಂಬಿಕೊಡುತ್ತದೆ. ಮಿಕ್ಕ ಪಾಲು ವ್ಯಾಪಾರಿಯ ತಲೆಯ ಮೇಲೆಯೇ ಇರುತ್ತದೆ. ಇದು ಯೋಗ್ಯವೇ ಆಗಿದೆ. ತನ್ನದೂ ಒಂದು ಪಾಲು ಹೋಗುವುದೆಂದು ತಿಳಿದವನು ಗಿರಾಕಿಯನ್ನು ವಿಚಾರಿಸದೆ ಮಾಲು ಕಳುಹಿಸಲಾರ.

ಅಪಾಯವೆಂಬುದು ಗಿರಾಕಿಯ ಕಪಟದಿಂದಲೇ ಬರಬೇಕೆಂದಿಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಶ್ರೀಲಂಕೆಯು ಹೊರದೇಶಗಳ ಸಾಲದ ಪಾವತಿಯನ್ನು ನಿಲ್ಲಿಸಿತು. ಡಾಲರಿನ ಅಭಾವದಿಂದಾಗಿ, ಕೈಯಲ್ಲಿ ತನ್ನ ದೇಶದ ರೂಪಾಯಿ ಇದ್ದ ಪ್ರಾಮಾಣಿಕ ಆಮದುದಾರನೂ ಹಣ ಕಳುಹಿಸಲು ಪರದಾಡಬೇಕಾಯಿತು. ಎಷ್ಟೇ ಜಾಣನಾದ ವ್ಯಾಪಾರಿಯೂ ಇಂತಹುದನ್ನು ಒಬ್ಬನೇ ತಡೆದುಕೊಳ್ಳಲಾರ.

ವ್ಯಾಪಾರಿಯ ನಷ್ಟಕ್ಕೆ ಸಾರ್ವಜನಿಕರ ಹಣವೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಿಗಮಕ್ಕೆ ಐದು ವರ್ಷಗಳಲ್ಲಿ 4,400 ಕೋಟಿ ರೂಪಾಯಿ ಬಂಡವಾಳ ಒದಗಿಸಲು ಕೇಂದ್ರ ಸರಕಾರವು 2021ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಒಂದು ರಫ್ತು ಮುಳುಗಿದರೆ ಮಾಲೀಕನೊಬ್ಬನೇ ಮುಳುಗುವುದಿಲ್ಲ; ಲೇತಿನ ಮುಂದೆ ನಿಂತವನ, ಮಗ್ಗದ ಮುಂದೆ ಕುಳಿತವನ ಕೂಲಿಯೂ ಮುಳುಗುತ್ತದೆ. ಅದನ್ನು ಕಾಯುವುದು ಸರಕಾರದ ಧರ್ಮ.

ಆದುದರಿಂದ ನಮ್ಮದು ಎರಡು ಮಾತು. ನಿಗಮವು ಪರೀಕ್ಷೆಯಲ್ಲಿ ಬಿಗಿಯಾಗಿರಲಿ. ಆದರೆ ಆ ಬಿಗಿಯು ವಿಳಂಬಕ್ಕೆ ನೆಪವಾಗದಿರಲಿ. ತಡವಾಗಿ ಬಂದ ಪರಿಹಾರದಿಂದ ಸಣ್ಣವರ ಬಾಗಿಲು ತೆರೆದಿರದು. ಅದರ ನಿಯಮಗಳು ಮರಾಠಿ, ಕನ್ನಡಗಳಲ್ಲಿಯೂ ಸುಲಭವಾಗಿ ಕೈಗೆ ಸಿಗುವಂತಾಗಬೇಕು. ಇನ್ನು ನಮ್ಮ ಉದ್ಯಮಿ ಬಂಧುಗಳು ಪಾಲಿಸಿ ಕೊಂಡುಬಿಟ್ಟರೆ ಸಾಕೆಂದು ಸುಮ್ಮನಿರಬಾರದು. ಗಿರಾಕಿಗೆ ಎಷ್ಟು ಉದ್ರಿಯವರೆಗೆ ರಕ್ಷಣೆಯುಂಟೆಂದು ಮೊದಲೇ ಮಂಜೂರು ಮಾಡಿಸಿಕೊಳ್ಳಬೇಕು. ಬಾಕಿ ನಿಂತೊಡನೆ ವರದಿ ಮಾಡಬೇಕು. ಮಾಲಿನ ದೋಷದಿಂದ ಹುಟ್ಟಿದ ತಕರಾರಿಗೆ ಈ ವಿಮೆ ಒದಗುವುದಿಲ್ಲವೆಂಬುದನ್ನೂ ಮರೆಯಬಾರದು. ಹಡಗು ಹೊರಟ ಮೇಲೆ ಕರಾರು ಓದುವುದಕ್ಕಿಂತ, ಮಾಲು ಕಟ್ಟುವ ಮುನ್ನ ಓದುವುದು ಲೇಸು.