ಮಾತು ನಮ್ಮದು, ಬೀಗದ ಕೈ ಯಾರದು?

ಮಂಡ್ಯ, ಮದ್ದೂರು, ಮಳವಳ್ಳಿಯಿಂದ ಸುದ್ದಿ ಬರೆಯುವವರು ನಾವು. ನಾಲೆ ನೀರು ಕೊನೆ ಭಾಗಕ್ಕೆ ತಲುಪಿತಾ, ಕಬ್ಬಿನ ದುಡ್ಡು ಯಾರಿಗೆ ಬಾಕಿ, ಎಲ್ಲವೂ ನಮಗೆ ಮೆಸೇಜಿನಲ್ಲೇ ಬರುತ್ತದೆ. ಹೋದ ವರ್ಷ ನಮ್ಮವರೊಬ್ಬರ ನಂಬರನ್ನು ಒಂದು ಆ್ಯಪ್ ಇದ್ದಕ್ಕಿದ್ದಂತೆ ಬ್ಲಾಕ್ ಮಾಡಿತು. ಕಾರಣ ಹೇಳುವವರಿಲ್ಲ. ರೈತರು ಕಳಿಸಿದ್ದ ತೂಕದ ಚೀಟಿಗಳ ಫೋಟೋ ತೆರೆಯಲೇ ಇಲ್ಲ. "ಅಣ್ಣಾ, ನನ್ ಚೀಟಿ ಎಲ್ಲೋಯ್ತು?" ಅಂದ ರೈತನಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿತು. ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಗಳು ಬುಡ್ಡಿ ದೀಪದಲ್ಲೇ ಇದ್ದವು. ಮಾತಿನ ವಿಷಯದಲ್ಲೂ ಹಾಗೇ ಆಗಿದೆ: ಹುಟ್ಟುವುದು ಇಲ್ಲಿ, ಹಿಡಿತ ಬೇರೆಯವರದು.

ಅದಕ್ಕೇ ನಮ್ಮದೇ ಮೆಸೇಜ್ ಸರ್ವರ್ ಹಾಕಿಕೊಂಡೆವು. ಮೊದಲು ಹಳೇ ಕಂಪ್ಯೂಟರಿನಲ್ಲಿ ವರ್ಚುವಲ್ ಮೆಷಿನ್ ಮಾಡಿ ಕಲಿತೆವು. ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಕೆಟ್ಟರೆ ಅಳಿಸಿ, ಇಟ್ಟುಕೊಂಡ ಪ್ರತಿಯಿಂದ ಮತ್ತೆ ಎಬ್ಬಿಸಬಹುದು. ಊರಲ್ಲಿ ಕರೆಂಟ್ ನಂಬುವಂತಿಲ್ಲ. ಆದ್ದರಿಂದ ಆಮೇಲೆ 1 ಜಿಬಿ ರ‍್ಯಾಮಿನ ಮೆಷಿನನ್ನು ತಿಂಗಳಿಗೆ ಸುಮಾರು 500 ರೂಪಾಯಿಗೆ ಬಾಡಿಗೆಗೆ ಹಿಡಿದೆವು. ಅದರಲ್ಲಿ ಡೆಬಿಯನ್, ಪ್ರೊಸೊಡಿ. ಫೋನಿನಲ್ಲಿ ಕಾನ್ವರ್ಸೇಷನ್ಸ್ ಆ್ಯಪ್. ಎಲ್ಲವೂ ಮುಕ್ತ ತಂತ್ರಾಂಶ.

"ಅದೂ ಬಾಡಿಗೆ ಮನೆಯೇ ಅಲ್ವಾ?" ಎಂದು ಕೇಳಿದವರಿದ್ದಾರೆ. ಹೌದು. ಆದರೆ ಡೊಮೈನ್ ಹೆಸರು ನಮ್ಮದು, ಬ್ಯಾಕಪ್ ನಮ್ಮದು. ಮಾಲೀಕ ಬಿಡಿಸಿದರೆ ಬೇರೆ ಕಡೆ ಅದೇ ವಿಳಾಸದಲ್ಲಿ ಮತ್ತೆ ಶುರು ಮಾಡಬಹುದು.

ಕಷ್ಟಗಳೂ ಇವೆ. ಅಪ್‌ಡೇಟ್ ಮರೆತರೆ ಕಳ್ಳರಿಗೆ ಬಾಗಿಲು ತೆರೆದಂತೆ. ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸಿದರೂ ಯಾರು ಯಾರಿಗೆ ಕಳಿಸಿದರು ಎಂಬುದು ಸರ್ವರ್ ನೋಡಿಕೊಳ್ಳುವವರಿಗೆ ಕಾಣುತ್ತದೆ. ಹಾಗಾಗಿ ಪಾಸ್‌ವರ್ಡ್ ಒಬ್ಬರ ಕೈಯಲ್ಲಿ ಬಿಟ್ಟಿಲ್ಲ, ಇಬ್ಬರಲ್ಲಿದೆ. ವಾರಕ್ಕೊಮ್ಮೆ ಬ್ಯಾಕಪ್, ಸರದಿ ಪ್ರಕಾರ.

ಫ್ರಾನ್ಸ್ ಸರ್ಕಾರ 2019ರಲ್ಲಿ ತನ್ನ ನೌಕರರಿಗೆ ಸ್ವಂತ ಮೆಸೇಜ್ ಆ್ಯಪ್ ಕೊಟ್ಟಿತು. ಅಷ್ಟು ದೊಡ್ಡದು ನಮಗೆ ಬೇಡ. ಊರಿನ ಹಾಲಿನ ಡೇರಿ ತನ್ನ ಲೆಕ್ಕದ ಪುಸ್ತಕವನ್ನು ಊರಲ್ಲೇ ಇಟ್ಟುಕೊಳ್ಳುತ್ತದಲ್ಲ, ಅಷ್ಟೇ ಸಾಕು.

ಎಲ್ಲರೂ ಈಗಿನ ಆ್ಯಪ್ ಬಿಡಿ ಎನ್ನುತ್ತಿಲ್ಲ. ಮದುವೆ ಫೋಟೋ ಅಲ್ಲೇ ಇರಲಿ. ರೈತ ಸಂಘ, ಸ್ತ್ರೀಶಕ್ತಿ ಗುಂಪು, ನೀರು ಬಳಕೆದಾರರ ಸಂಘದ ದಾಖಲೆ ಮಾತ್ರ ನಿಮ್ಮ ಕೈಯಲ್ಲಿರಲಿ. ಕಲಿಸಿಕೊಡಿ ಎಂದರೆ ನಾವು ನಿಮ್ಮೂರಿಗೇ ಬರುತ್ತೇವೆ.