ಹೊಗೆನಕಲ್ಲಿನ ಈ ದಡದಿಂದ ಒಂದು ತಕರಾರು

ಹೊಗೆನಕಲ್ ಎಂಬ ಹೆಸರೇ ಕನ್ನಡ, ಹೊಗೆ ಏಳುವ ಕಲ್ಲು ಎಂದು ಎದೆಯುಬ್ಬಿಸಿ ಹೇಳುವ ನೆಂಟರು ನಮ್ಮಲ್ಲಿ ಬಹಳ. ಅವರ ಮನೆಗೇ ಹೋಗಿ ಮಗುವನ್ನು ಕನ್ನಡದಲ್ಲಿ ಮಾತನಾಡಿಸಿ ನೋಡಿ. ಅದು ತಾಯಿಯ ಮುಖ ನೋಡುತ್ತದೆ. ಕೇಳಿದರೆ ಸಿದ್ಧ ಉತ್ತರವಿದೆ: "ಭಾಷೆ ಹೋದರೆ ಹೋಗಲಿ, ಸಂಬಂಧ ಉಳಿದರೆ ಸಾಕಲ್ಲ!" ನನ್ನ ತಕರಾರು ಈ ಮಾತಿನ ಮೇಲೆ.

ಹೊಳೆಯಾಚೆಯ ಕೊಳ್ಳೇಗಾಲ ಸೀಮೆ 1956ರವರೆಗೆ ನಮ್ಮಂತೆಯೇ ಮದ್ರಾಸಿನದಾಗಿತ್ತು. ಅದು ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಸೇಲಂ ಜಿಲ್ಲೆಯವರು 1965ರಲ್ಲಿ ಧರ್ಮಪುರಿಯವರಾದೆವು. ಆದರೂ ಹೆಣ್ಣು ತರುವುದು, ಕೊಡುವುದು ನಿಲ್ಲಲಿಲ್ಲ. ನನ್ನ ಅಕ್ಕನನ್ನು ಆಚೆಗೇ ಕೊಟ್ಟದ್ದು. 2008ರಲ್ಲಿ ಕುಡಿಯುವ ನೀರಿನ ಯೋಜನೆಯ ಗಲಾಟೆಯಾದಾಗಲೂ, 2016ರ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಬಸ್ಸುಗಳು ನಿಂತಾಗಲೂ ಅಕ್ಕನ ಮನೆಯೊಂದಿಗೆ ನಮ್ಮ ಮಾತು ನಿಲ್ಲಲಿಲ್ಲ. ರಾಜಕೀಯಕ್ಕೆ ಕಡಿಯಲಾಗದ ನೆಂಟಸ್ತಿಕೆಯನ್ನು ಈಗ ನಾವೇ, ಸದ್ದಿಲ್ಲದೆ, ನಮ್ಮ ಪಡಸಾಲೆಯಲ್ಲಿ ಕೂತು ಕಡಿಯುತ್ತಿದ್ದೇವೆ.

ನನ್ನ ಮನೆಯದನ್ನೇ ಹೇಳುತ್ತೇನೆ. ಅವ್ವನಿಗೆ ಸಂತೆಯ ತಮಿಳು ಚೆನ್ನಾಗಿ ಬರುತ್ತಿತ್ತು. ಹಾಸಿಗೆ ಹಿಡಿದ ಮೇಲೆ ಅದೆಲ್ಲ ಮರೆತು ಬರೀ ಕನ್ನಡ ಉಳಿಯಿತು. ಒಂದು ಸಂಜೆ ಮೊಮ್ಮಗನ ಕೈ ಹಿಡಿದು "ಬೇಜಾರು ಕಣೋ" ಎಂದಳಂತೆ. ಅವನ ತಮಿಳಿನಲ್ಲಿ 'ಪೇಜಾರು' ಎಂದರೆ ಕಾಟ, ಉಪದ್ರವ. ಅಜ್ಜಿ ನನ್ನನ್ನೇ ಕಾಟ ಎಂದಳು ಎಂದುಕೊಂಡು ಹುಡುಗ ಎದ್ದು ಹೋದ. ಆಮೇಲೆ ಆ ಕೋಣೆಗೆ ಕಾಲಿಡಲಿಲ್ಲ. ನನಗೆ ಇದು ತಿಳಿದದ್ದು ಅವ್ವನ ತಿಥಿಯ ದಿನ. ಅವನ ತಪ್ಪೇನಿದೆ? ಅವನಿಗೆ ಕನ್ನಡ ಕಲಿಸದವನು ನಾನು.

ಸರ್ಕಾರದ ತಪ್ಪಿಲ್ಲವೆಂದಲ್ಲ. ತಮಿಳುನಾಡಿನ 2006ರ ಕಾಯಿದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿ ನಮ್ಮ ಮನೆಮಾತನ್ನು ಐಚ್ಛಿಕದ ಮೂಲೆಗೆ ತಳ್ಳಿತು. ಕಾಸರಗೋಡಿನವರಾದ ನಿಮಗೆ 2017ರ ಮಲಯಾಳ ಕಲಿಕೆಯ ಕಾಯಿದೆಯ ಬಿಸಿ ಗೊತ್ತೇ ಇದೆ. ಇಲ್ಲಿ ಹೊಳೆ ದಾಟಿದರೆ ಗೋಪಿನಾಥಂ. ಕರ್ನಾಟಕದ ಊರಾದರೂ ಅಲ್ಲಿ ಹೆಚ್ಚಿನವರ ಮನೆಮಾತು ತಮಿಳು. ಎಲ್ಲ ಕಡೆ ಇದೇ ಪಾಡು. ತಮಿಳು ನಮಗೆ ಅನ್ನ ಕೊಟ್ಟಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಡುಗೆಮನೆಯಲ್ಲಿ ಯಾವ ಮಾತಾಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲವಲ್ಲ?

ತಮಿಳಿನಲ್ಲೂ ಮಾಮ, ಅತ್ತೆ ಇದ್ದಾರೆ, ಅದಾದರೂ ದಕ್ಕಬಹುದಿತ್ತು. ಈಗ ಇಂಗ್ಲಿಷ್ ಶಾಲೆಯ ದಯೆಯಿಂದ ಸೋದರಮಾವ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರೂ ಒಂದೇ 'ಅಂಕಲ್'. ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದ ಸೋದರಮಾವನಿಗೂ ಮೀನು ಹುರಿದು ಮಾರುವವನಿಗೂ ಒಂದೇ ಕರೆ!

ಮೊನ್ನೆ ಮಗನ ಮದುವೆಯ ಲಗ್ನಪತ್ರಿಕೆ ಬರೆಸುವಾಗ ಒಂದು ಪುಟ ಕನ್ನಡದಲ್ಲಿರಲಿ ಎಂದೆ. "ಓದುವವರು ಯಾರಪ್ಪ?" ಎಂದ. ಕೊಳ್ಳೇಗಾಲದಲ್ಲಿ ನಿನ್ನ ಸೋದರತ್ತೆ ಇದ್ದಾಳೆ ಎಂದೆ. ಫೋನಿನಲ್ಲಿ ಹೇಳಿದರಾಯಿತು ಎಂದ. ಯಾವ ಭಾಷೆಯಲ್ಲಿ ಹೇಳುತ್ತೀಯೆಂದು ಕೇಳಿದ್ದಕ್ಕೆ ಫೋನನ್ನು ನನ್ನ ಕೈಗೇ ಕೊಟ್ಟ.